ಒಂದೇ ಕುರ್ಚಿಯ ಕೋಣೆ

‘ಬದುಕಿರೋರ ದನಿ ಇದರಲ್ಲಿ ಹಾಕಬೇಡಿ.’

ಆಕೆ ಮಕ್ಕಳ ಸ್ಲೇಟಿನ ಮೇಲೆ ಬಳಪದಲ್ಲಿ ಬರೆದು ಅವನ ಮುಖದ ಮುಂದೆ ಹಿಡಿದಳು. ಅವನು ಓದಿದ. ತುಟಿಯಂಚಿನಲ್ಲೇ ನಕ್ಕು, ಹೆಗಲ ಚೀಲ ಕೆಳಗಿಟ್ಟು, "ಆಗಲಿ ಅಮ್ಮಾ, ಸತ್ತೋರದ್ದೇ ಹಾಕೋಣ," ಎಂದ. ಏನೋ ದೊಡ್ಡ ತಮಾಷೆ ಮಾಡಿದೆ ಅಂದುಕೊಂಡ. ಆಕೆ ನಗಲಿಲ್ಲ. ಸ್ಲೇಟನ್ನು ಅಂಗೈಯಿಂದ ಒರೆಸಿ, ಅದೇ ಮಾತನ್ನು ಇನ್ನೂ ದಪ್ಪ ಅಕ್ಷರದಲ್ಲಿ ಬರೆದು ಮತ್ತೆ ಹಿಡಿದಳು.

ಎರಡು ಸಲ ಹೇಳಿಸಿಕೊಳ್ಳುವುದು ಅವನಿಗೆ ಆಗದ ವಿಷಯ. ಹಳೆಯ ಆಡಿಯೋ ಸೆಟ್ಟುಗಳನ್ನು ಕೊಂಡು, ರಿಪೇರಿ ಮಾಡಿ ಮಾರುವ ಅಂಗಡಿಗೆ ಅವನು ಸೇರಿ ಎರಡೇ ತಿಂಗಳಾಗಿತ್ತು. ಅದಕ್ಕೆ ಮೊದಲು ಹದಿನಾಲ್ಕು ವರ್ಷ ಸಿನಿಮಾ ಥಿಯೇಟರಿನಲ್ಲಿ ಸೌಂಡ್ ನೋಡಿಕೊಂಡಿದ್ದ. ಪಕ್ಕದ ಮನೆಯ ಫ್ಯಾನಿನ ಬೇರಿಂಗ್ ಸವೆದಿದೆ ಎಂದು ಗೋಡೆಯ ಈಚೆಯಿಂದಲೇ ಹೇಳುತ್ತಿದ್ದ. ಅಂಗಡಿಯವರು ತಮಾಷೆಗೆ ಕಿವಿರಾಯ ಎಂದು ಹೆಸರಿಟ್ಟರು. ಅವನು ಅದನ್ನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗಿದ. ಜಂಬ ಅನ್ನಿ, ನನ್ನ ಅಡ್ಡಿಯಿಲ್ಲ. ಆದರೆ ಆ ಜಂಬದ ಕೆಳಗೆ ಒಂದು ನೋವೂ ಇತ್ತು. ಅವನ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಊರಿನ ಸದ್ದನ್ನೆಲ್ಲ ಮೈಕಿನಲ್ಲಿ ಹಿಡಿದವನ ಹತ್ತಿರ ಅವಳ ಒಂದೇ ಒಂದು ಮಾತಿರಲಿಲ್ಲ. ಇನ್ನು ಮುಂದೆ ಹಾಗಾಗಬಾರದು ಎಂದು, ಏಳು ವರ್ಷದ ಮಗಳ ದನಿಯನ್ನು ರೆಕಾರ್ಡ್ ಮಾಡಿ ಸದಾ ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದ.

ಆಕೆ ಅಂಗಡಿಗೆ ಕಳಿಸಿದ ಕಾಗದದಲ್ಲಿ ಮೂರೇ ಸಾಲು. ನನ್ನ ಗಂಡ ಹೋಗಿ ಒಂದು ತಿಂಗಳಾಯಿತು. ಅವರ ಸೆಟ್ಟು ತೆಗೆದುಕೊಂಡು ಹೋಗಿ ಬಿಚ್ಚಿ ಗುಜರಿಗೆ ಹಾಕಿ. ಕೇಳುವವರಿಗೆ ಮಾತ್ರ ಕೊಡಬೇಡಿ.

ಸೆಟ್ಟಿದ್ದ ಕೋಣೆಯ ಬಾಗಿಲು ತೆರೆದು ಆಕೆ ಅವನನ್ನು ಒಳಗೆ ಬಿಟ್ಟಳು. ಕಿಟಕಿಗಳಿಗೆ ಮಂದ ಪರದೆ, ಅದರ ಹಿಂದೆ ಮರದ ಹಲಗೆ. ಹೊರಗೆ ಮಧ್ಯಾಹ್ನದ ಬಿಸಿಲು ಸುರಿಯುತ್ತಿದ್ದರೂ ಒಳಗೆ ಕತ್ತಲು ಗಟ್ಟಿಯಾಗಿ ಕೂತಿತ್ತು. ಕಾದ ದೂಳಿನ ವಾಸನೆ. ಹಳೆಯ ಉಣ್ಣೆಯ ವಾಸನೆ. ಅದರಡಿಯಲ್ಲಿ, ಈಗತಾನೇ ಅಗೆದ ಹಸಿ ಮಣ್ಣಿನ ವಾಸನೆ. ಮೂರನೇ ಮಹಡಿಯಲ್ಲಿ ಮಣ್ಣೆಲ್ಲಿಯದು ಎಂದು ಅವನು ಅರೆಕ್ಷಣ ಯೋಚಿಸಿದ. ಅಷ್ಟರಲ್ಲಿ ಆಕೆ ದೀಪ ಹಾಕಿದಳು.

ಕಿವಿರಾಯ ಉಸಿರು ಬಿಡುವುದನ್ನೇ ಮರೆತ.

ಕೋಣೆಯ ನಡುವೆ ಒಂದೇ ಕುರ್ಚಿ. ಅದರ ಎದುರಿಗೆ ಎರಡು ಸ್ಪೀಕರುಗಳು. ಬೀಟೆ ಮರದ ಪೆಟ್ಟಿಗೆಗಳು, ಮೂಲೆಗಳಲ್ಲಿ ಮೊಳೆಯ ಗುರುತೂ ಇಲ್ಲ. ಕೆಳಗೆ ಟೊಳ್ಳು ಕಬ್ಬಿಣದ ಸ್ಟ್ಯಾಂಡುಗಳು. ಅದುರದಿರಲಿ ಎಂದು ಅದರೊಳಗೆ ಮರಳು ತುಂಬುವುದು ಈ ಶೋಕಿಯವರ ಪದ್ಧತಿ. ನಡುವೆ ಬೀಸುವ ಕಲ್ಲಿನಷ್ಟು ಭಾರದ ಟರ್ನ್‌ಟೇಬಲ್. ಅದರ ಪಕ್ಕದ ಆಂಪ್ಲಿಫೈಯರಿನ ಮೇಲೆ ನಾಲ್ಕು ಗಾಜಿನ ವಾಲ್ವುಗಳು. ಒಳಗಿನ ತಂತಿ ಕೆಂಪಗೆ ಕಾದು ಸದ್ದನ್ನು ದೊಡ್ಡದು ಮಾಡುವ ಇಂಥ ವಾಲ್ವುಗಳ ಕಾರ್ಖಾನೆ ಮುಚ್ಚಿ ಕಾಲವಾಗಿತ್ತು. ಅವನು ಮಂಡಿಯೂರಿ ಕೂತು ಒಂದೊಂದನ್ನೇ ನೋಡಿದ. ಮಗುವಿನ ತಲೆ ಸವರಿದ ಹಾಗೆ ಮರವನ್ನು ಸವರಿದ. ಗಾಜಿನ ಮೇಜಿನ ಮೇಲೆ ಆಕೆ ಸ್ಟೀಲ್ ಲೋಟದಲ್ಲಿ ನೀರು ಇಟ್ಟಳು. ಸೊಂಟದ ಬೀಗದ ಕೈ ಗೊಂಚಲು ಮೇಜಿನ ಅಂಚಿಗೆ ತಾಗಿತು. ಯಾವುದರ ಸದ್ದೂ ಬರಲಿಲ್ಲ. ಬೇರಿಂಗ್ ಸವೆದದ್ದು ಕೇಳುವ ಕಿವಿಗೆ ಅದು ಮಾತ್ರ ಗೊತ್ತೇ ಆಗಲಿಲ್ಲ.

"ಇದನ್ನ ಗುಜರಿಗಾ?" ಎಂದ. "ತಲೆ ನೆಟ್ಟಗಿರೋರು ಯಾರಾದ್ರೂ ಇದನ್ನ ಬಿಚ್ತಾರಾ ಅಮ್ಮಾ? ವಾಲ್ವುಗಳಿಗೆ ಆಯಸ್ಸು ಅಂತ ಇರುತ್ತೆ, ಉರಿದಷ್ಟೂ ಸವೀತವೆ. ಇವೆರಡರ ಕುತ್ತಿಗೆ ಆಗಲೇ ಕಪ್ಪಾಗಿದೆ ನೋಡಿ. ಆದ್ರೂ ಇನ್ನೊಂದಷ್ಟು ದಿನ ಬರುತ್ತೆ. ಇಂಥದ್ದು ನಾನು ಕಣ್ಣಲ್ಲಿ ನೋಡಿದ್ದೇ ಮೊದಲು."

ಆಕೆ ಗೋಡೆಯ ಕಪಾಟಿನ ಕಡೆ ಕೈ ತೋರಿಸಿದಳು. ಅಲ್ಲಿ ಸಾವಿರದಷ್ಟು ರೆಕಾರ್ಡುಗಳಿದ್ದವು. ಪ್ರತಿಯೊಂದರ ಬೆನ್ನಿನ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಹಾಡಿದವರ ಹೆಸರು, ಅದರ ಕೆಳಗೆ ಅವರು ತೀರಿಕೊಂಡ ತಾರೀಖು. ತಾರೀಖಿಲ್ಲದ ಒಂದು ರೆಕಾರ್ಡೂ ಇರಲಿಲ್ಲ.

"ನಿಮ್ಮ ಯಜಮಾನರು ಭಲೇ ಆಸಾಮಿ," ಎಂದು ಮೂಗು ಮುರಿದ. ಆಕೆಯ ತೃಪ್ತಿಗೆ ಒಂದು ರೆಕಾರ್ಡ್ ಹಾಕಿದ. ದನಿಯೇನೋ ಚೆನ್ನಾಗಿತ್ತು. ಆದರೆ ಆ ಗಾಯಕಿಯನ್ನು ಅವನು ಎದುರಿಗೆ ಕೂತು ಕೇಳಿದವನಲ್ಲ. ಸ್ಪೀಕರ್ ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ತಿಳಿಯಬೇಕಾದರೆ, ದಿನಾ ಕೇಳುವ ದನಿಯನ್ನೇ ಹಾಕಿ ನೋಡಬೇಕು. ಅದು ಅವನ ಕಸುಬಿನ ಮೊದಲ ಪಾಠ. ಅದಕ್ಕೇ ಜೇಬಿನ ಪುಟ್ಟ ಪ್ಲೇಯರಿನಲ್ಲಿದ್ದ ಮಗಳ ದನಿಯಿಂದಲೇ ಅವನು ಯಾವ ಸೆಟ್ಟನ್ನಾದರೂ ಅಳೆಯುತ್ತಿದ್ದದ್ದು. ಮುಂದಿನ ಎರಡು ಹಲ್ಲು ಬಿದ್ದ ಮಗು ಹತ್ತರಿಂದ ಕೆಳಕ್ಕೆ ಎಣಿಸುತ್ತದೆ. ಕೊನೆಯ ‘ಸೊನ್ನೆ’ಯಲ್ಲಿ ಸಣ್ಣ ಸೀಟಿ ಹೊರಡುತ್ತದೆ. ಕಳಪೆ ಸ್ಪೀಕರಿನಲ್ಲಿ ಆ ಸೀಟಿ ಕಿವಿಗೆ ಚುಚ್ಚುತ್ತದೆ, ಒಳ್ಳೆಯದರಲ್ಲಿ ಗಾಳಿಯಾಗಿ ಹೋಗುತ್ತದೆ.

ಅವನು ತಂತಿ ಸಿಕ್ಕಿಸುವುದನ್ನು ಕಂಡು ಆಕೆ ಧಾವಿಸಿ ಬಂದಳು. ತೋಳು ಹಿಡಿದು ಜಗ್ಗಿದಳು. ಸ್ಲೇಟು ಎತ್ತಿ ಅದೇ ಸಾಲಿಗೆ ಬೆರಳು ಕುಟ್ಟಿದಳು.

"ಅಮ್ಮಾ, ಇದು ಮರ, ತಾಮ್ರ, ಒಂದಿಷ್ಟು ಕಾಗದ. ಇದಕ್ಕೆ ಬದುಕಿರೋರು ಯಾರು, ಸತ್ತೋರು ಯಾರು ಅಂತ ಯಾರು ಹೇಳ್ಕೊಟ್ರು? ಎರಡು ನಿಮಿಷ ಹೊರಗಿರಿ."

ಆಕೆಯನ್ನು ಮೆಲ್ಲಗೆ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ. ಆ ಒಂದೇ ಕುರ್ಚಿಯಲ್ಲಿ ಕೂತ.

*ಶುರು ಮಾಡ್ಲಾ ಅಪ್ಪಾ?*

ಅವನ ಮೈ ಜುಮ್ಮೆಂದಿತು. ಮಗಳು ಎದುರಿಗಿದ್ದಳು. ಎರಡು ಪೆಟ್ಟಿಗೆಗಳ ನಡುವೆ, ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿ ಅವಳ ಬಾಯಿ. ತುಟಿ ಬಿಚ್ಚುವಾಗಿನ ಒದ್ದೆ ಸದ್ದು. ಒಂಬತ್ತು ಮತ್ತು ಎಂಟರ ನಡುವೆ ಎಳೆದುಕೊಂಡ ಉಸಿರು. ಸೊನ್ನೆಯ ಗಾಳಿ ಅವನ ಕೆನ್ನೆಗೇ ಬಡಿದಂತಾಯಿತು. ಕಣ್ಣಲ್ಲಿ ನೀರು ಬಂತು, ಬಂದದ್ದಕ್ಕೆ ನಾಚಿಕೆಯೂ ಆಗಲಿಲ್ಲ. ಮತ್ತೆ ಹಾಕಿದ. ಇನ್ನೊಂದೇ ಸಲ ಎಂದು ಮೂರನೆಯ ಬಾರಿ ಹಾಕಿದ.

ಎದ್ದಾಗ ಸ್ಟ್ಯಾಂಡಿನ ಬುಡದ ಬಿರುಕಿನಿಂದ ಒಂದು ಹಿಡಿ ಮರಳು ಉದುರಿ ಬಿದ್ದಿತ್ತು. ಕಪ್ಪು ಮರಳು. ಬೆರಳಿಗೆ ತಣ್ಣಗೆ, ಒದ್ದೆಯಾಗಿ ಅಂಟಿತು. ಪ್ಯಾಂಟಿಗೆ ಒರೆಸಿಕೊಂಡು ಅದನ್ನೂ ಮರೆತ. ಸೆಟ್ಟನ್ನು ಗುಜರಿಗಲ್ಲ, ಅಂಗಡಿಗೆ ಸಾಗಿಸಬೇಕು, ಆಕೆಗೆ ಏನಾದರೊಂದು ಸುಳ್ಳು ಹೇಳಿದರಾಯಿತು ಎಂದುಕೊಳ್ಳುತ್ತ ಮನೆಗೆ ಹೊರಟ.

ಮನೆಯ ಬಾಗಿಲಲ್ಲೇ ಅಮ್ಮ ನಿಂತಿದ್ದಳು. ಅವಳು ಮೂವತ್ತು ವರ್ಷ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳಿದವಳು. ನಿವೃತ್ತಿಯಾಗುವ ಮುನ್ನ ಮಗನೇ ಒಳ್ಳೆಯ ಮೈಕಿನಲ್ಲಿ ರೆಕಾರ್ಡ್ ಮಾಡಿಕೊಟ್ಟ ಅವಳ ದನಿಯೇ ಈಗಲೂ ಊರವರನ್ನು ಬಸ್ಸು ಹತ್ತಿಸುತ್ತಿತ್ತು. ಮೊಮ್ಮಗಳನ್ನು ಬಯ್ಯುವಾಗಲೂ ಒಂದಕ್ಷರ ತೊದಲುತ್ತಿರಲಿಲ್ಲ. ಆ ಸಂಜೆ ತೊದಲಿದಳು.

"ಮಗು... ಮಗು ಮಾತಾಡ್ತಿಲ್ಲ ಕಣೋ. ಮಧ್ಯಾಹ್ನ ದನಿ ಗೊಗ್ಗರಾಯ್ತು ಅಂತ ಸ್ಕೂಲಿಂದ ಫೋನ್ ಬಂತು. ನಾನು ಹೋಗೋಷ್ಟರಲ್ಲಿ ಪೂರ್ತಿ ನಿಂತಿತ್ತು. ಡಾಕ್ಟರು ಗಂಟಲು ನೋಡಿದ್ರು. ಏನೂ ಆಗಿಲ್ಲ, ಚೆನ್ನಾಗೇ ಇದೆ ಅಂತಾರೆ."

ಮಗಳು ಮಂಚದ ಮೇಲೆ ಮೊಣಕಾಲು ತಬ್ಬಿ ಕೂತಿದ್ದಳು. ಅಪ್ಪನನ್ನು ನೋಡಿ ಬಾಯಿ ತೆರೆದಳು. ಕತ್ತಿನ ನರ ಉಬ್ಬುವಷ್ಟು ಕಿರುಚಿದಳು. ಉಸಿರು ಬಿಟ್ಟು ಬೇರೇನೂ ಹೊರಡಲಿಲ್ಲ.

ಅವನು ಪ್ಲೇಯರಿನ ತಂತಿಯನ್ನು ಕಿವಿಗೆ ಸಿಕ್ಕಿಸಿಕೊಂಡ. ಇಪ್ಪತ್ತು ಸೆಕೆಂಡಿನ ರೆಕಾರ್ಡಿಂಗ್ ಓಡಿತು. ಮುಚ್ಚಿದ ಕೋಣೆಯ ಮೌನ ಇತ್ತು. ದೂರದ ನಾಯಿಯ ಬೊಗಳು ಇತ್ತು. ಮಗಳು ಮಾತ್ರ ಅದರಲ್ಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಆ ಮೂರು ಮಹಡಿಯನ್ನು ಓಡುತ್ತಲೇ ಹತ್ತಿದ. ಬಾಗಿಲು ಬಡಿದ. ಒಳಗಿನಿಂದ ಚಪ್ಪಲಿಯ ಚಟಪಟ ಕೇಳಿಸಿತು. ಬೀಗದ ಕೈ ಝಣಗುಟ್ಟಿತು. ಬಾಗಿಲು ಕಿರ್ರೆಂದಿತು. ಆಗ ಅವನಿಗೆ ನಿನ್ನೆಯ ಲೋಟ, ನಿನ್ನೆಯ ಗೊಂಚಲು, ನಿನ್ನೆಯ ಹೆಜ್ಜೆ ಎಲ್ಲ ಒಟ್ಟಿಗೆ ನೆನಪಾದವು. ಒಂದಕ್ಕೂ ಸದ್ದಿರಲಿಲ್ಲ.

"ನಾನು ಬೇಡ ಅಂದೆ," ಎಂದಳು ಆಕೆ.

ಸ್ಲೇಟಿನಲ್ಲಲ್ಲ, ಬಾಯಿಂದ. ದನಿ ಹಾಡುವವರದು, ತುಂಬಿದ ದನಿ. ಬಹಳ ದಿನ ಬಳಸದೆ ತುಕ್ಕು ಹಿಡಿದ ಹಾಗೆ ಅಲ್ಲಲ್ಲಿ ಕೆರೆಯುತ್ತಿತ್ತು. "ಎರಡು ಸಲ ಬರೆದೆ. ಕೈ ಹಿಡಿದೆ. ಯಾರ ದನಿ ಹಾಕಿದ್ರಿ?"

"ನನ್ನ ಮಗಳದ್ದು."

ಆಕೆ ಹೊಸ್ತಿಲಲ್ಲೇ ಕುಸಿದು ಕೂತಳು. ಹನ್ನೊಂದು ವರ್ಷದ ಮೇಲೆ ಸಿಕ್ಕ ದನಿಯಲ್ಲಿ ಮೊದಲು ಮಾಡಿದ್ದು ಅಳು. ಅದು ಅವನ ಮಗಳಿಗೋ, ತನಗೋ, ಆಕೆಗೂ ಗೊತ್ತಿದ್ದಂತಿರಲಿಲ್ಲ. ಆಮೇಲೆ ತಡೆತಡೆದು ಹೇಳಿದಳು.

"ನಾನು ಹಾಡ್ತಿದ್ದೆ. ನನ್ನ ದನಿ ಇನ್ನೊಬ್ಬರ ಕಿವಿಗೆ ಬೀಳೋದು ನಮ್ಮ ಯಜಮಾನರಿಗೆ ಸಹಿಸೋಕಾಗ್ತಿರಲಿಲ್ಲ. ಯಾವನೋ ಮಾಟಗಾರನ ಹತ್ತಿರ ಹೋದರು. ನನ್ನ ಬಾಚಣಿಗೆಯ ಕೂದಲು ಆ ಪೆಟ್ಟಿಗೆಗಳೊಳಗೆ ತುಂಬಿರೋ ಉಣ್ಣೆಯಲ್ಲಿದೆ. ಏಳು ಗೋರಿಗಳ ಮಣ್ಣು ಆ ಸ್ಟ್ಯಾಂಡಿನೊಳಗಿದೆ. ಎದುರಿಗೆ ಕೂತೋರು ಪ್ರೀತಿಸೋ ದನಿಯನ್ನ ಅದು ಕುಡಿಯುತ್ತೆ. ಮೂರು ಸಲಕ್ಕೆ ದನಿ ಪೂರ್ತಿ ಅದರದ್ದು. ಆಮೇಲೂ ಬಿಡಲ್ಲ. ಹಾಕಿ ಕೇಳಿದ ಹಾಗೆಲ್ಲ ಇನ್ನಷ್ಟು ಎಳೆಯುತ್ತೆ. ನನ್ನ ಕೆಮ್ಮು ಹೋಯ್ತು, ಹೆಜ್ಜೆ ಸದ್ದು ಹೋಯ್ತು, ನಾನು ಮುಟ್ಟಿದ ಪಾತ್ರೆ ಸದ್ದೂ ಹೋಯ್ತು. ಅವರು ವಾರಕ್ಕೊಂದು ಸಲ ಕೇಳ್ತಿದ್ರು. ಇನ್ನೊಂದೇ ಸಲ, ಇನ್ನೊಂದೇ ಸಲ ಅಂತ ಹನ್ನೊಂದು ವರ್ಷ. ನಾನು ಬಾಗಿಲಲ್ಲಿ ನಿಂತು ನನ್ನ ಹಾಡು ನಾನೇ ಕೇಳ್ತಿದ್ದೆ. ಅವರು ಸತ್ತರು. ಇಲ್ಲದಿದ್ರೆ ಇನ್ನೇನು ಹೋಗ್ತಿತ್ತೋ."

"ಒಡೆದು ಹಾಕಿದ್ರೆ?"

"ಒಳಗಿರೋ ದನಿ ಅಲ್ಲಿಗೆ ಮುಗೀತು. ನನ್ನದು ಮುಗಿದ್ರೆ ಮುಗೀಲಿ ಅಂತಲೇ ಗುಜರಿಗೆ ಹಾಕಿ ಅಂದಿದ್ದು. ನಾನು ಒಂದು ಸಲ ಸುತ್ತಿಗೆ ಎತ್ತಿದ್ದೆ. ಅದರೊಳಗೆ ನಾನೇ ಇದ್ದೀನಲ್ಲ, ಕೈ ಬರಲಿಲ್ಲ." ಆಕೆ ಕಣ್ಣೊರೆಸಿಕೊಂಡಳು. "ಅದರ ಹೊಟ್ಟೇಲಿ ಒಂದೇ ದನಿಗೆ ಜಾಗ. ಇನ್ನೊಂದು ಹೋದ್ರೆ ಇರೋದು ಹೊರಗೆ ಬರುತ್ತೆ. ನಿಮ್ಮ ಮಗು ಹೋಯ್ತು, ನಾನು ಬಂದೆ."

ಕಿವಿರಾಯ ಒಳಗೆ ನುಗ್ಗಿದ. ತನ್ನದೇ ದನಿ ಕೊಟ್ಟರಾಯಿತು ಎಂದುಕೊಂಡ. ಪ್ಲೇಯರಿಗೆ ನಾಲ್ಕು ಮಾತಾಡಿ, ಸೆಟ್ಟು ಹಾಕಿ ಕುರ್ಚಿಯಲ್ಲಿ ಕೂತ. ರೆಕಾರ್ಡ್ ಆದ ತನ್ನ ದನಿ ಕೇಳಿದರೆ ಯಾರಿಗಾದರೂ ಮುಜುಗರವೇ. ಇಷ್ಟು ತೆಳ್ಳಗಿದೆಯಾ ನನ್ನ ದನಿ ಎಂದು ಮುಖ ಕಿವುಚುವಂತಾಗುತ್ತದೆ. ಅವನಿಗೂ ಹಾಗೇ ಆಯಿತು. ತಾನು ಪ್ರೀತಿಸದ ದನಿಯನ್ನು ಪೆಟ್ಟಿಗೆಗಳು ಮೂಸಿಯೂ ನೋಡಲಿಲ್ಲ. ಅದರ ಕೆಳಗಿನಿಂದ, ಯಾವ ತಂತಿಯಿಂದಲೂ ಬಾರದೆ, ಮಗಳು ಎಣಿಸತೊಡಗಿದಳು. *ಹತ್ತು. ಒಂಬತ್ತು.* ಅವನು ಹಾರಿ ಬಿದ್ದು ಸ್ವಿಚ್ ಆರಿಸಿದ.

ಮನೆಯಲ್ಲಿ ಎಲ್ಲವನ್ನೂ ಅಮ್ಮನಿಗೆ ಹೇಳಿದ. ಹುಚ್ಚು ಅಂದಾಳು ಎಂದುಕೊಂಡಿದ್ದ. ಅವಳು ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಬಸ್ಸಿನ ವೇಳಾಪಟ್ಟಿ ಕೇಳುವವಳ ಹಾಗೆ ಪೂರ್ತಿ ಕೇಳಿದಳು.

"ನನ್ನದು ಹಾಕು," ಎಂದಳು.

"ಅಮ್ಮಾ..."

"ಏನು ಅಮ್ಮಾ? ಮೂವತ್ತು ವರ್ಷ ಬೇರೆಯವರನ್ನ ಬಸ್ಸು ಹತ್ತಿಸಿದ್ದೀನಿ. ನನ್ನ ಬಸ್ಸು ನಾನು ಹತ್ತಬಾರದಾ? ಆಡೋದೆಲ್ಲ ಆಡಿ ಆಯ್ತು ನಾನು. ಅದು ಇನ್ನೂ ಶುರುವೇ ಮಾಡಿಲ್ಲ." ಮೊಮ್ಮಗಳ ಕಡೆ ನೋಡಿದಳು. "ಒಂದೇ ಮಾತು. ಮಗೂದು ವಾಪಸ್ ಬಂದ ತಕ್ಷಣ ಅದನ್ನ ಒಡೆದು ಹಾಕಬೇಕು. ಅವತ್ತೇ. ಇನ್ನೊಬ್ಬರ ಮನೆಗೆ ಅದು ಹೋಗಕೂಡದು. ಆಣೆ ಮಾಡು."

ಅವನು ಅವಳ ಕೈ ಮುಟ್ಟಿ ಆಣೆ ಮಾಡಿದ. ಅಮ್ಮ ಮೊಮ್ಮಗಳನ್ನು ಮಡಿಲಿಗೆಳೆದುಕೊಂಡು ಕತೆ ಹೇಳತೊಡಗಿದಳು. ಅವನು ಹೊರಡುವಾಗ ಕತೆಯಲ್ಲಿ ರಾಜಕುಮಾರಿ ಇನ್ನೂ ಬಾವಿಯಲ್ಲೇ ಇದ್ದಳು.

*ಪ್ರಯಾಣಿಕರ ಗಮನಕ್ಕೆ. ಆರನೇ ಪ್ಲಾಟ್‌ಫಾರ್ಮಿನ ಬಸ್ಸು ಇನ್ನು ಐದು ನಿಮಿಷದಲ್ಲಿ ಹೊರಡಲಿದೆ. ದಯವಿಟ್ಟು ನಿಮ್ಮ ಸಾಮಾನುಗಳನ್ನು ನೋಡಿಕೊಳ್ಳಿ.*

ಆ ಕೋಣೆಗೆ ಮರಳಿ, ತಾನೇ ಮಾಡಿದ್ದ ಆ ರೆಕಾರ್ಡಿಂಗನ್ನು ಮೂರು ಸಲ ಹಾಕಿದ. ಮೂರು ಸಲವೂ ಹಲ್ಲು ಕಚ್ಚಿಕೊಂಡು ಕೂತ. ಅಮ್ಮ ಎದುರಿಗೇ ನಿಂತು ಹೇಳಿದ ಹಾಗಿತ್ತು. ರೆಕಾರ್ಡ್ ಮಾಡಿದ್ದು ನಿವೃತ್ತಿಯ ಹೊತ್ತಿಗಾದರೂ ಅವನಿಗೆ ಕಂಡದ್ದು ನಲವತ್ತರ ಅಮ್ಮ, ಇವನಿಗೆ ಟಿಫಿನ್ ಡಬ್ಬಿ ಕಟ್ಟಿಕೊಟ್ಟು ಕೆಲಸಕ್ಕೆ ಓಡುತ್ತಿದ್ದ ಅಮ್ಮ. ಮೂರನೆಯ ಸಲ ಮುಗಿದ ಗಳಿಗೆಗೇ ಜೇಬಿನಲ್ಲಿ ಫೋನ್ ಅದುರಿತು.

"ಅಪ್ಪಾ," ಎಂದಳು ಮಗಳು. "ಅಜ್ಜಿ ಕತೆ ಅರ್ಧಕ್ಕೆ ನಿಲ್ಲಿಸಿಬಿಟ್ರು."

ಆಕೆಯ ಸಹಾಯದಿಂದ ಸೆಟ್ಟನ್ನು ವ್ಯಾನಿಗೆ ಏರಿಸಿದ. "ಒಡೀತೀರಿ ತಾನೆ?" ಎಂದಳು ಆಕೆ.

"ಈವತ್ತೇ."

ಆಕೆ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆ ನೋಟ ಇಷ್ಟವಾಗದೆ ಅವನು ವ್ಯಾನ್ ಹತ್ತಿಬಿಟ್ಟ. ದಾರಿಯಲ್ಲಿ ಬಸ್ ನಿಲ್ದಾಣ ಸಿಕ್ಕಿತು. ಅಲ್ಲಿನ ಧ್ವನಿವರ್ಧಕ ಟಿಂಗ್ ಎಂದು ತೆರೆದುಕೊಂಡಿತು. ಗಂಟು ಮೂಟೆ ಹಿಡಿದವರೆಲ್ಲ ತಲೆಯೆತ್ತಿದರು. ಸ್ವಲ್ಪ ಹೊತ್ತು ಬರೀ ಗುಂಯ್ ಎಂಬ ಸದ್ದು ಬಂತು, ಮತ್ತೆ ಟಿಂಗ್ ಎಂದು ಮುಚ್ಚಿಕೊಂಡಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆರನೇ ಪ್ಲಾಟ್‌ಫಾರ್ಮಿನ ಬಸ್ಸು ಅರ್ಧ ಖಾಲಿಯಾಗಿಯೇ ಹೊರಟಿತು.

ಮನೆಯ ಹಿಂದಿನ ಸಾಮಾನು ಕೋಣೆಯಲ್ಲಿ ಸೆಟ್ಟನ್ನು ಇಳಿಸಿದ. ಸುತ್ತಿಗೆ ತಂದ. ಎತ್ತಿದ. ಅಷ್ಟೇ.

ಇಲ್ಲಿ ಅವನನ್ನು ಬಯ್ಯುವುದು ಸುಲಭ, ನನಗೂ ಬಯ್ಯುವ ಆಸೆಯಿದೆ. ಆದರೆ ಅವನ ತಲೆಯೊಳಗೆ ಆಗ ಇದ್ದದ್ದು ಹೆಂಡತಿ. ಅವಳ ದನಿ ಹೇಗಿತ್ತು ಎಂದು ಅವನಿಗೆ ಈಗ ನೆನಪೇ ಆಗುತ್ತಿರಲಿಲ್ಲ. ಈ ಸುತ್ತಿಗೆ ಬಿದ್ದರೆ ಅಮ್ಮನದೂ ಹಾಗೇ. ಲೋಕದಲ್ಲಿ ಎಲ್ಲೂ ಅವಳ ಒಂದು ಮಾತು ಉಳಿಯುವುದಿಲ್ಲ. ಕೊನೆಯದಾಗಿ ಒಂದು ಸಲ, ಸರಿಯಾಗಿ, ಕಣ್ಣು ಮುಚ್ಚಿ ಕೇಳಿ ಆಮೇಲೆ ಒಡೆಯೋಣ ಎಂದುಕೊಂಡ. ಒಂದು ಕುರ್ಚಿ ಎಳೆದುಕೊಂಡ. ಸುತ್ತಿಗೆಯನ್ನು ಮೂಲೆಗೆ ಒರಗಿಸಿದ.

ಆ ರಾತ್ರಿ ಊಟಕ್ಕೆ ಕೂತಾಗ ಅಮ್ಮ ಮೊಮ್ಮಗಳ ಸ್ಲೇಟು ತೆಗೆದುಕೊಂಡು ಬರೆದಳು: ‘ಒಡೆದೆಯಾ?’

"ನಾಳೆ," ಎಂದ.

ನಾಳೆಯೂ ನಾಳೆ ಎಂದ. ಮಧ್ಯಾಹ್ನ ಅಮ್ಮ ಮೊಮ್ಮಗಳನ್ನು ಕರೆತರಲು ಸ್ಕೂಲಿಗೆ ಹೋದಾಗ ಇವನು ಅಂಗಡಿಯಿಂದ ತಪ್ಪಿಸಿಕೊಂಡು ಬಂದು ಆ ಕೋಣೆ ಸೇರುತ್ತಿದ್ದ. ಆ ಹಾಡುವಾಕೆಯ ಗಂಡ ವಾರಕ್ಕೊಂದು ಸಲ ಕೇಳಿದ್ದನ್ನು ಇವನು ದಿನಕ್ಕೆರಡು ಸಲ ಕೇಳಿದ. ಕೇಳಿದಷ್ಟೂ ಹೊಸದು ಸಿಗುತ್ತಿತ್ತು. ಐದನೇ ದಿನ ಪ್ರಕಟಣೆಯ ಹಿಂದೆ ಒಂದು ಸಣ್ಣ ಕೆಮ್ಮು ಕೇಳಿಸಿತು. ಇದು ರೆಕಾರ್ಡಿನಲ್ಲಿ ಇರಲೇ ಇಲ್ಲವಲ್ಲ, ಎಂಥ ಸೂಕ್ಷ್ಮ, ಎಂದು ಬೆರಗಾದ. ಆವತ್ತಿನಿಂದ ಅಮ್ಮ ಕೆಮ್ಮಿದರೆ ಭುಜ ಮಾತ್ರ ಕುಲುಕುತ್ತಿತ್ತು. ಒಂಬತ್ತನೇ ದಿನ ಎಡಗಡೆಯ ಪೆಟ್ಟಿಗೆಯಿಂದ ಬಲಗಡೆಯದಕ್ಕೆ ಊರುಗೋಲು ನಡೆದು ಹೋಯಿತು. ಟಕ್. ಟಕ್. ಟಕ್. ಒಂದೊಂದು ಹೆಜ್ಜೆಯೂ ಇಂಥಲ್ಲೇ ಬಿತ್ತು ಎಂದು ಬೆರಳಿಟ್ಟು ತೋರಿಸಬಹುದಿತ್ತು. ಇದು ಏನೆಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಂಜೆ ಅಮ್ಮ ಅಂಗಳದ ಕಲ್ಲಿನ ಮೇಲೆ ಕೋಲೂರುತ್ತ ಸದ್ದಿಲ್ಲದೆ ಬಂದಾಗ ಅವನು ಪೇಪರಿನಲ್ಲಿ ಮುಖ ಹುದುಗಿಸಿದ.

"ಅಪ್ಪಾ, ಅಜ್ಜಿ ಬೆಕ್ಕಿನ ಹಾಗೆ ನಡೀತಾರೆ," ಎಂದಳು ಮಗಳು. ಅವನು ಪೇಪರಿನ ಪುಟ ತಿರುವಿದ.

ಹದಿಮೂರನೇ ದಿನ ಭಾನುವಾರ. ಎಲ್ಲರೂ ಮನೆಯಲ್ಲೇ ಇದ್ದರು. ಅವನಿಗೆ ತಡೆಯಲಾಗಲಿಲ್ಲ. ಮಗಳು ಅಂಗಳದಲ್ಲಿ ಆಡುತ್ತಿದ್ದಳು, ಅಮ್ಮ ಅಡುಗೆಮನೆಯಲ್ಲಿದ್ದಾಳೆ ಎಂದುಕೊಂಡು ಮೆಲ್ಲಗೆ ಕೋಣೆ ಸೇರಿದ. ಸ್ವಿಚ್ ಹಾಕಿದ. ವಾಲ್ವುಗಳು ಕೆಂಪಾದವು. ಕಾದ ದೂಳು. ಹಸಿ ಮಣ್ಣು. ಕಣ್ಣು ಮುಚ್ಚಿದ.

*ಪ್ರಯಾಣಿಕರ ಗಮನಕ್ಕೆ.* ದನಿ ಬಂತು. ಹೋಯಿತು. ಕೆಮ್ಮು ಬಂತು. ಕೋಲು ನಡೆಯಿತು. ಉಸಿರು ಕೇಳಿಸಿತು, ಎಳೆದದ್ದು, ಬಿಟ್ಟದ್ದು. ಆಮೇಲೆ ಎಲ್ಲ ನಿಂತಿತು. ಆ ಮೌನದ ತಳದಲ್ಲಿ ಏನೋ ಇತ್ತು. ತೀರ ಸಣ್ಣದು. ಅವನು ಮುಂದಕ್ಕೆ ಬಾಗಿದ. ಲಬ್ ಡಬ್. ಲಬ್ ಡಬ್. ದುಂಡಗೆ, ಬೆಚ್ಚಗೆ, ನೆಲದವರೆಗೆ ಇಳಿಯುವ ಸದ್ದು. ಯಾವ ಸ್ಪೀಕರಿನಲ್ಲೂ ಇಷ್ಟು ಆಳದ ಸದ್ದನ್ನು ಅವನು ಕೇಳಿರಲಿಲ್ಲ. ಆಹಾ ಎಂದುಕೊಂಡ.

ಎಂದುಕೊಂಡ ಮರುಕ್ಷಣವೇ ಕಣ್ಣು ತೆರೆದ. ತಿರುಗಿ ನೋಡಿದ.

ಅಮ್ಮ ಬೆನ್ನ ಹಿಂದೆಯೇ ನಿಂತಿದ್ದಳು. ಯಾವಾಗ ಬಂದಳೋ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಒಂದು ಕೈ ಎದೆಯ ಮೇಲೆ. ಇನ್ನೊಂದರಲ್ಲಿ ಸ್ಲೇಟು. ಕಣ್ಣಲ್ಲಿ ಕೋಪವಿರಲಿಲ್ಲ, ಅದೇ ಅವನಿಗೆ ಹೆಚ್ಚು ಹೆದರಿಕೆ ತಂದಿತು.

ಅವನು ಎದ್ದ. ಕುರ್ಚಿ ಉರುಳಿತು. ಅಮ್ಮನ ಎದೆಗೆ ಕಿವಿ ಒತ್ತಿದ. ಬಟ್ಟೆಯ ಸೋಪಿನ ವಾಸನೆ. ಚರ್ಮದ ಬಿಸಿ. ಮತ್ತೇನೂ ಇಲ್ಲ. ಕಿವಿ ಸರಿಸಿ ಒತ್ತಿದ. ಉಸಿರು ಹಿಡಿದ. ಗೋಡೆಯಾಚೆಯ ಬೇರಿಂಗ್ ಕೇಳುವ ಕಿವಿ. ಏನೂ ಇಲ್ಲ. ಬೆನ್ನ ಹಿಂದೆ, ಎರಡು ಪೆಟ್ಟಿಗೆಗಳ ನಡುವೆ, ಲಬ್ ಡಬ್. ಲಬ್ ಡಬ್. ಅವನು ಸ್ವಿಚ್ಚಿಗೆ ಕೈ ಹಾಕಿದ. ಬೆರಳು ತಾಗಿದ್ದೇ ತಡ ಅಮ್ಮನ ಮುಖ ಬಿಳಿಚಿತು. ಕೈ ಹಿಂದಕ್ಕೆಳೆದ. ಆರಿಸುವಂತಿಲ್ಲ. ಒಡೆಯುವಂತಿಲ್ಲ. ಇನ್ನೊಬ್ಬರ ದನಿ ಹಾಕಿದರೆ ಅಮ್ಮ ಹೊರಗೆ ಬರುತ್ತಾಳೆ. ಅವನು ಪ್ರೀತಿಸುವ ದನಿ ಇನ್ನು ಲೋಕದಲ್ಲಿ ಒಂದೇ ಇದೆ.

ಅಮ್ಮ ಬಳಪ ತೆಗೆದು ಬರೆದಳು. ಬಳಪದ ಕಿರಕಿರಿಯೂ ಕೇಳಿಸಲಿಲ್ಲ. ‘ಈಗಲಾದರೂ ಒಡಿ.’ ಮೂಲೆಯ ಸುತ್ತಿಗೆಯ ಕಡೆ ಬೊಟ್ಟು ಮಾಡಿದಳು.

"ಆಗಲ್ಲಮ್ಮಾ," ಎಂದ. ಚಿಕ್ಕ ಹುಡುಗನ ಹಾಗೆ ಅತ್ತ. "ನನ್ನ ಕೈಲಿ ಆಗಲ್ಲ."

ಅವಳು ಉರುಳಿದ ಕುರ್ಚಿಯನ್ನು ಎತ್ತಿಟ್ಟು ತಾನೇ ಅದರಲ್ಲಿ ಕೂತಳು. ಅವನು ಆಂಪ್ಲಿಫೈಯರಿನ ಪಕ್ಕ ನೆಲದ ಮೇಲೆ ಕೂತ. ನಾಲ್ಕು ವಾಲ್ವುಗಳಲ್ಲಿ ಕುತ್ತಿಗೆ ಕಪ್ಪಾದ ಎರಡು. ಅದರಲ್ಲೊಂದು ಒಮ್ಮೆ ಮಂಕಾಯಿತು. ಲಬ್ ಎಂದು ಬಂದದ್ದು ಡಬ್ ಎನ್ನಲು ಸ್ವಲ್ಪ ತಡಮಾಡಿತು. ಮತ್ತೆ ಕೆಂಪಾಯಿತು. ಗಾಜು ಬಿಗಿಯಾಗಿ ಕೂರಲೆಂದು ಅವನು ಬೆರಳುಗಳಿಂದ ಅದರ ಬುಡ ಹಿಡಿದುಕೊಂಡ. ಚರ್ಮ ಸುಟ್ಟಿತು. ಬಿಡಲಿಲ್ಲ.

ಹೊರಗೆ ಅಂಗಳದಲ್ಲಿ ಮಗಳು ಕಣ್ಣಾಮುಚ್ಚಾಲೆ ಆಡುತ್ತಿದ್ದಳು. ಗೋಡೆಗೆ ಮುಖ ಒತ್ತಿ, ಊರಿಗೆಲ್ಲ ಕೇಳಿಸುವ ಹಾಗೆ, ಮರಳಿ ಬಂದ ದನಿಯಲ್ಲಿ ಎಣಿಸುತ್ತಿದ್ದಳು. ಹತ್ತು. ಒಂಬತ್ತು. ಎಂಟು. ವಾಲ್ವು ಮತ್ತೆ ಮಂಕಾಯಿತು. ಐದು. ನಾಲ್ಕು. ಎಣಿಸಬೇಡ ಮಗಳೇ, ಅಲ್ಲಿಗೇ ನಿಲ್ಲಿಸು ಎಂದು ಕೂಗಲು ಅವನು ಬಾಯಿ ತೆರೆದ. ಕೂಗಲಿಲ್ಲ. ಕೂಗಿದರೆ ಆ ಗದ್ದಲದಲ್ಲಿ ಅಮ್ಮನ ಒಂದು ಬಡಿತ ಕೇಳಿಸದೆ ಹೋದೀತು ಎಂದು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡ.